ಆನ್ಸೆಲ್ಮೊನ ಜಡೆ

"ನಿನ್ನ ಈ ಉದ್ದ ಕೂದಲು ಯಾವ ಹರಕೆಗೆ?" ಎಂದು ನೊಎಮಿ ಕೇಳಿದಳು. ಬೇಕರಿಯ ಆನ್ಸೆಲ್ಮೊ ಬಿಸಿ ಬನ್ನುಗಳ ತಟ್ಟೆಯನ್ನು ಇಬ್ಬರ ನಡುವೆ ಇಟ್ಟ.

"ಸೊಳ್ಳೆ ಓಡ್ಸೋಕೆ, ಡಾಕ್ಟ್ರಮ್ಮ."

ಅವಳಿನ್ನೂ ಡಾಕ್ಟರ್ ಆಗಿರಲಿಲ್ಲ. ಟೆಕ್ಸಸ್ಸಿನ ಗಡಿಯಂಚಿನ ತನ್ನೂರಿನಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಜನ ದೇವಮಾತೆಗೆ ಹೊರುವ ಹರಕೆಗಳ ಬಗ್ಗೆ ಸಮಾಜಶಾಸ್ತ್ರದ ಪ್ರಬಂಧ ಬರೆಯುತ್ತಿದ್ದಳು. ಕಾಯಿಲೆಯಿಂದ ಮಲಗಿದ ಮಗು ಎದ್ದು ಕೂತರೆ, ದೂರ ಹೋದ ಗಂಡ ಕ್ಷೇಮವಾಗಿ ತಲುಪಿದರೆ, ಬೆಳೆಸಿದ ಕೂದಲನ್ನು ಹೆಣೆದು, ಜಡೆ ಕತ್ತರಿಸಿ ಮಾತೆಯ ಪಾದಕ್ಕೆ ಒಪ್ಪಿಸುವುದು ಇಲ್ಲಿಯ ರೂಢಿ.

ಅಜ್ಜಿಯರು, ಅತ್ತೆಯರು ಅವಳ ಮುಂದೆ ಮನಸ್ಸು ಬಿಚ್ಚಿದರು. ಅವರನ್ನೆಲ್ಲ ಒಬ್ಬೊಬ್ಬರಾಗಿ ಅವಳ ಬಳಿ ಕಳಿಸಿದವನು ಆನ್ಸೆಲ್ಮೊನೇ. ತಾನು ಮಾತ್ರ ಬಾಯಿ ಬಿಡಲೊಲ್ಲ. ತಲೆಯ ಬಲೆಯೊಳಗೆ ಕೂದಲು ತುರುಕಿಕೊಂಡು ಹಿಟ್ಟು ನಾದುವನು. ಅವಳು ತಲೆ ತಗ್ಗಿಸಿದಾಗ ನೋಡುವನು, ಎತ್ತಿದರೆ ಒಲೆಯ ಕಡೆ ತಿರುಗುವನು.

ವಿಶ್ವವಿದ್ಯಾಲಯದಲ್ಲಿ ಕೆಲವರು, ಮುದುಕಿಯರ ಪ್ರಾರ್ಥನೆಯಲ್ಲಿ ಸಂಶೋಧನೆ ಏನಿದೆ ಎಂದು ನಕ್ಕಿದ್ದರು. ಆಗ ಅವಳ ಕೈ ಹಿಡಿದದ್ದು ಅಲ್ಲಿಯ ಲ್ಯಾಟಿನೊ ವಿದ್ವಾಂಸರ ಕೇಂದ್ರ. ಅದನ್ನು ನಡೆಸುತ್ತಿದ್ದ ಪ್ರೊಫೆಸರ್ ಸರಗೋಸಾ ಹೆತ್ತತಾಯಿಯಂತೆ ಪಕ್ಕದಲ್ಲಿ ಕೂತು ಪ್ರತಿ ಅಧ್ಯಾಯ ಓದಿದರು.

"ಇಷ್ಟು ಕಾಲ ಬೇರೆಯವ್ರು ನಮ್ಮ ತಲೆ ಎಣಿಸಿದ್ರು, ಮಗಳೇ. ನೀನು ನಮ್ಮ ಮಾತು ಕೇಳಿಸ್ಕೋ."

ಒಂದೇ ಕಟ್ಟಳೆ ಹಾಕಿದ್ದರು. ಸ್ವಂತ ಮನೆಯವರ ಸಂದರ್ಶನ ಮಾಡಬಾರದು, ಪ್ರೀತಿ ಇದ್ದ ಕಡೆ ಕಿವಿ ಸೋಲುತ್ತದೆ ಎಂದು.

ಊರು ಬಿಡುವ ಮುನ್ನ ನೊಎಮಿ ಕೊನೆಯ ಸಲ ಬೇಕರಿಗೆ ಬಂದಳು. ಯಾರು ನಕ್ಕರೂ ತಡೆದುಕೊಂಡಿದ್ದಳು. ಆನ್ಸೆಲ್ಮೊನ ಸೊಳ್ಳೆಯ ಹಾಸ್ಯ ಮಾತ್ರ ಒಳಗೆ ಚುಚ್ಚುತ್ತಿತ್ತು.

"ನನ್ನ ಕೆಲಸ ನಿನಗೆ ತಮಾಷೆ, ಅಲ್ವಾ?"

ಅವನ ಮುಖ ಬಾಡಿತು. "ಈ ಸೆಕೆಯಲ್ಲಿ ತಮಾಷೆಗೆ ಯಾರಾದ್ರೂ ಕೂದಲು ಬೆಳೆಸ್ತಾರಾ?" ಎಂದಷ್ಟೇ ಹೇಳಿದ. ಅವಳು ಬನ್ನು ಮುಟ್ಟದೆ ಹೊರಟುಹೋದಳು.

ಪ್ರಬಂಧದ ಪರೀಕ್ಷೆಯ ದಿನ ಬಂತು. ಪರೀಕ್ಷಕರಲ್ಲಿ ಕಟ್ಟುನಿಟ್ಟಿನವರೊಬ್ಬರು, ನೀನೂ ಆ ಊರಿನವಳೇ, ನಿನ್ನ ಬರಹವನ್ನು ಹೇಗೆ ನಂಬುವುದು ಎಂದರು.

ಊರಿನವಳಾದ್ದರಿಂದಲೇ ತನಗೆ ಅವರ ಮೌನವೂ ತಿಳಿಯುತ್ತದೆ ಎಂದಳು ನೊಎಮಿ. "ಬೇಡಿಕೊಂಡಿದ್ದು ಕೈಗೂಡೋ ತನಕ ಅವರು ಹರಕೆಯನ್ನ ಯಾರಿಗೂ ಹೇಳೋದಿಲ್ಲ. ಯಾರಿಗಾಗಿ ಹೊತ್ತಿರ್ತಾರೋ ಅವರಿಗಂತೂ..."

ಬಲೆಯೊಳಗೆ ತುರುಕಿದ್ದ ಆ ಕೂದಲು ಅವಳ ಕಣ್ಣ ಮುಂದೆ ಬಂತು. ಮುಂದಿನ ಸಾಲಿನಲ್ಲಿದ್ದ ಸರಗೋಸಾ ಅವಳ ತುಂಬಿದ ಕಣ್ಣನ್ನು ಕಂಡು ನೀರಿನ ಲೋಟ ಮುಂದೆ ಸರಿಸಿದರು. ಒಂದು ಗುಟುಕು ಕುಡಿದು ಅವಳು ಉಳಿದದ್ದನ್ನು ಹೇಳಿ ಮುಗಿಸಿದಳು. ಪರೀಕ್ಷಕರು ಒಬ್ಬೊಬ್ಬರಾಗಿ ಎದ್ದು ಕೈಕುಲುಕಿದರು.

ಅವಳು ಡಾಕ್ಟರ್ ಆದ ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಚರ್ಚಿನಲ್ಲಿ ಮಾತೆಯ ಮುಂದೆ ಆನ್ಸೆಲ್ಮೊ ಮಂಡಿಯೂರಿದ್ದ. ಕೂದಲು ಒಂದೇ ಜಡೆಯಾಗಿ ಬೆನ್ನಿನ ಮೇಲಿತ್ತು. ಕತ್ತರಿ ಹಿಡಿದಿದ್ದ ಅವನ ಸೋದರತ್ತೆ ಚೋಲೆ, ನೊಎಮಿಯನ್ನು ಬಾಗಿಲಲ್ಲಿ ಕಂಡದ್ದೇ, "ಬಂದ್ಯಾ ತಾಯಿ? ನಿನ್ನ ಪುಸ್ತಕ ಮುಗಿಯೋಷ್ಟರಲ್ಲಿ ಇವನು ನನಗೆ ಅಳಿಯ ಅಲ್ಲ, ಸೊಸೆ ಥರಾ ಕಾಣ್ತಿದ್ದ" ಎಂದು ಕತ್ತರಿಯನ್ನು ಅವಳ ಕೈಗಿತ್ತಳು.

ನೊಎಮಿ ಕತ್ತರಿಸಿದಳು. ಜಡೆ ಅಂಗೈಯಲ್ಲಿ ಬೆಚ್ಚಗಿತ್ತು, ಅದರಲ್ಲಿ ಬನ್ನಿನ ಪರಿಮಳವಿತ್ತು. ಇಬ್ಬರೂ ಕೂಡಿ ಅದನ್ನು ಮಾತೆಯ ಪಾದದಲ್ಲಿ ಇಟ್ಟರು.

"ಈಗ ಕೇಳು, ಡಾಕ್ಟ್ರಮ್ಮ. ಎಲ್ಲಾ ಹೇಳ್ತೀನಿ. ಬರ್ಕೋ."

"ಇನ್ಮೇಲೆ ಆಗಲ್ಲ," ಎಂದಳು ಅವಳು, ಅವನ ಬೋಳು ಕತ್ತಿನ ಮೇಲೆ ಅಂಟಿದ್ದ ಕೂದಲೆಳೆ ತೆಗೆಯುತ್ತ. "ಮನೆಯವ್ರ ಸಂದರ್ಶನ ಮಾಡೋ ಹಾಗಿಲ್ಲ."