ಮುರಿದ ಹಳದಿ ಗೆರೆ

"ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರ್ತಿದೆ," ಎಂದ ಕನ್ನಡಕದಂಗಡಿಯವನು, ಕೈ ಉಜ್ಜಿಕೊಳ್ಳುತ್ತಾ.

"ಎದುರು ಗ್ಯಾರೇಜಿನವಳಿಗೆ ತೋರಿಸಲಿಲ್ವಾ?" ಮೆಕ್ಯಾನಿಕ್ ತಲೆ ಎತ್ತದೆ ಕೇಳಿದಳು.

ನಿನ್ನೆ ಅವನ ಕಾರು ಅಲ್ಲಿ ಅರ್ಧ ಗಂಟೆ ನಿಂತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಎದುರಿನವಳು ಬಾಗಿಲಲ್ಲೇ ನಿಂತು ಕಿಲಕಿಲ ನಕ್ಕಿದ್ದನ್ನೂ.

"ಅವರಿಗ್ಯಾಕೆ? ನನ್ನ ಕಾರಿನ ಡಾಕ್ಟರ್ ನೀವಲ್ವಾ?"

ಅವಳು ಬಾನೆಟ್ ಎತ್ತಿದಳು. ಇಂಜಿನ್ ತಣಿಸುವ ದ್ರವ, ಕೂಲಂಟ್, ಡಬ್ಬಿಯ ಕೆಳಗಿನ ಗುರುತಿಗಿಂತ ಎರಡು ಬೆರಳು ಇಳಿದಿತ್ತು. ಪೈಪಿನಲ್ಲಿ ಬಿಸಿ ಕೂಲಂಟಿನ ಬದಲು ಗಾಳಿ ಸೇರಿಕೊಂಡರೆ ಹೀಟರ್ ಬೆಚ್ಚಗಾಗುವುದಾದರೂ ಹೇಗೆ? ಎಲ್ಲಿ ಸೋರಿದೆಯೆಂದು ಟಾರ್ಚ್ ಆಡಿಸಿದಳು. ಹೀಟರ್ ಪೈಪಿನ ಕ್ಲಿಪ್ಪಿನ ಮೇಲೆ ಬೆಳಕು ನಿಂತಿತು.

ತಾನು ಬಿಗಿ ಮಾಡಿದ ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಪೇಂಟಿನ ಸಣ್ಣ ಗೆರೆ ಎಳೆಯುವುದು ಅವಳ ಪದ್ಧತಿ. ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಇಲ್ಲಿ ಮುರಿದಿತ್ತು.

"ಯಾರೋ ಕೈ ಹಾಕಿದ್ದಾರೆ. ಅವಳೇ ತಾನೆ? ನಗೋದು ಚೆನ್ನಾಗಿ ಬರುತ್ತೆ, ಒಂದು ಕ್ಲಿಪ್ ಬಿಗಿ ಮಾಡೋಕೆ ಬರಲ್ಲ."

"ಅಯ್ಯೋ, ಅವರ ಕನ್ನಡಕ ಕೊಡೋಕೆ ಹೋಗಿದ್ದೆ ಅಷ್ಟೇ."

"ಅರ್ಧ ಗಂಟೆ?"

"ಕಿವಿ ಹತ್ರ ಒತ್ತುತ್ತೆ ಅಂದ್ರು, ಸರಿ ಮಾಡಿದೆ." ಅವನ ತುಟಿಯಂಚಿನಲ್ಲಿ ನಗು ಇಣುಕಿತು. "ನೀವು ಗಡಿಯಾರ ನೋಡ್ತಾ ಇದ್ರಾ?"

ಆ ಬೆರಳುಗಳು ಎದುರಿನವಳ ಕಿವಿ ಮುಟ್ಟಿರಬೇಕು.

ಮುಖ ಮರೆಸಲು ಮತ್ತೆ ಬಗ್ಗಿದಳು. ಸ್ಕ್ರೂವಿನ ತಲೆಯ ಮೇಲೆ ಕೂದಲೆಳೆಯಂಥ ಗೀರುಗಳು. ಇಷ್ಟು ಸಣ್ಣ ಸ್ಕ್ರೂಡ್ರೈವರನ್ನು ಯಾವ ಮೆಕ್ಯಾನಿಕ್ಕೂ ಹಿಡಿಯುವುದಿಲ್ಲ. ಅವಳ ಕಣ್ಣು ಅವನ ಅಂಗಿಯ ಜೇಬಿಗೆ ಹೋಯಿತು. ಕನ್ನಡಕದ ಸ್ಕ್ರೂ ತಿರುಗಿಸುವ ಕಡ್ಡಿಯಂಥ ಸ್ಕ್ರೂಡ್ರೈವರ್ ಅಲ್ಲೇ ಇತ್ತು.

ಅವನು ಜೇಬಿಗೆ ಕೈ ಅಡ್ಡ ಹಿಡಿದ. ತಡವಾಗಿತ್ತು.

"ನೀವೇ ಸಡಿಲ ಮಾಡಿದ್ರಾ? ತಲೆ ನೆಟ್ಟಗಿದೆಯಾ? ಇಂಜಿನ್ ಸುಟ್ಟು ಹೋಗ್ತಿತ್ತು!"

"ಕಳೆದ ಸಲ ನೀವೇ, ಕಾರು ಗಟ್ಟಿಯಾಗಿದೆ, ಇನ್ನೊಂದು ವರ್ಷ ಈ ಕಡೆ ತಲೆ ಹಾಕಬೇಡಿ ಅಂದ್ರಿ." ಅವನು ನೆಲ ನೋಡಿದ. "ಹದಿನೇಳು ದಿನ ತಡ್ಕೊಂಡೆ. ಆಮೇಲೆ ಆಗ್ಲಿಲ್ಲ."

ಅವಳು ಕ್ಲಿಪ್ ಬಿಗಿ ಮಾಡಿದಳು. ಇಂಜಿನ್ ತಣ್ಣಗಾದ ಮೇಲೆ ಕೂಲಂಟ್ ತುಂಬಿ, ಮತ್ತೆ ಚಾಲೂ ಮಾಡಿ, ಗುಳ್ಳೆಗಳು ಮುಗಿಯುವವರೆಗೆ ಕಾದಳು. ಕೊನೆಗೆ ಇಬ್ಬರೂ ಮುಂದಿನ ಸೀಟುಗಳಲ್ಲಿ ಕೂತು ಗಾಳಿಗೆ ಅಂಗೈ ಒಡ್ಡಿದರು. ಮೊದಲು ತಣ್ಣಗೆ. ಆಮೇಲೆ ಉಗುರುಬೆಚ್ಚಗೆ.

"ಇನ್ಮೇಲೆ ಏನೂ ಕೆಡಿಸದೆ ಬನ್ನಿ."

"ದಿನಾ?"

ಅವಳು ಪೇಂಟ್ ಪೆನ್ನಿನ ಮುಚ್ಚಳ ತೆಗೆದಳು. ಅವನ ಬಲಗೈ ಎಳೆದುಕೊಂಡು, ಹೆಬ್ಬೆರಳ ಉಗುರಿನಿಂದ ಚರ್ಮದವರೆಗೆ ಒಂದು ಹಳದಿ ಗೆರೆ ಹಾಕಿದಳು.

"ಕನ್ನಡಕ ಕಿವಿ ಮೇಲಲ್ಲ, ಮೇಜಿನ ಮೇಲಿಟ್ಟು ಸರಿ ಮಾಡಿ," ಎಂದಳು. "ಗೆರೆ ಮುರಿದ್ರೆ ನನಗೆ ಗೊತ್ತಾಗುತ್ತೆ."