ಈ ವಾರ ನೀರು ಬದಲಾಯಿಸಬೇಡಿ

ಪ್ರೀತಿ ಶುರುವಾಗೋದಕ್ಕೆ ಲೋಕದಲ್ಲಿ ಒಳ್ಳೊಳ್ಳೆ ಜಾಗಗಳಿವೆ. ನೀರು ಸರಬರಾಜು ಕಚೇರಿಯ ದೂರಿನ ಫೋನು ಅವುಗಳಲ್ಲಿ ಒಂದು ಅಂತ ಯಾರೂ ಹೇಳಲಾರರು. ಅದರಲ್ಲಿ ಬರುವುದೆಲ್ಲ ಬೈಗುಳ. ನೀರು ಬರಲಿಲ್ಲ ಅಂತ ಬೈಯುವವರು, ಬಂದ ನೀರು ಕೆಂಪಗಿದೆ ಅಂತ ಬೈಯುವವರು, ಬೈದರೆ ಮನಸ್ಸು ಹಗುರಾಗುತ್ತದೆ ಅಂತ ಸುಮ್ಮನೆ ಬೈಯುವವರು. ಆ ಫೋನು ಇದ್ದದ್ದು ಲ್ಯಾಬಿನಲ್ಲಿ, ಅಲ್ಲಿದ್ದ ಕೆಮಿಸ್ಟಿನ ಮೇಜಿನ ಮೇಲೆ. ಊರಿನ ನೀರಿಗೆ ಎಷ್ಟು ಕ್ಲೋರಿನ್ ಬೀಳಬೇಕು ಅಂತ ದಿನಾ ಲೆಕ್ಕ ಹಾಕುವುದು ಅವನ ಕೆಲಸ. ಬೈಗುಳ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಅದರ ಜೊತೆಗೆ ಬಂದದ್ದು.

ಆ ದಿನ ಫೋನಿನಲ್ಲಿ ಬಂದ ಹೆಣ್ಣು ದನಿ ಬೈಯಲಿಲ್ಲ. ಹೆದರಿಕೊಂಡಿತ್ತು.

"ನಿಮ್ಮ ನೀರಿನಿಂದ ನಮ್ಮ ಮೇಷ್ಟ್ರಿಗೆ ಹುಷಾರಿಲ್ಲ. ಬೆಳಗ್ಗೆಯಿಂದ ಬಾಯಿ ಬಾಯಿ ಬಿಡ್ತಿದ್ದಾರೆ."

ಕೆಮಿಸ್ಟ್ ಕುರ್ಚಿಯಿಂದ ಎದ್ದು ನಿಂತ. "ಆಸ್ಪತ್ರೆಗೆ ಕರ್ಕೊಂಡು ಹೋದ್ರಾ?"

"ಆಸ್ಪತ್ರೆಗಾ? ಅಲ್ಲಿ ಯಾರು ನೋಡ್ತಾರೆ ಇವರನ್ನ?"

"ಅಯ್ಯೋ, ಯಾಕೆ ನೋಡಲ್ಲ? ವಯಸ್ಸೆಷ್ಟು ಅವರಿಗೆ?"

"ಎರಡೂವರೆ."

ಕೆಮಿಸ್ಟ್ ಮತ್ತೆ ಕೂತ. ಎರಡೂವರೆ ವರ್ಷಕ್ಕೆ ಮೇಷ್ಟ್ರಾದವರು ಯಾರು ಅಂತ ಅವನು ಯೋಚಿಸುತ್ತಿರುವಾಗಲೇ ಆಕೆ ಬಿಡಿಸಿ ಹೇಳಿದಳು. ಮೇಷ್ಟ್ರು ಅಂದರೆ ಗೋಲ್ಡ್ ಫಿಶ್. ಕಪ್ಪು ಮೈ, ಹೊರಗೆ ಉಬ್ಬಿದ ಕಣ್ಣು. ಕನ್ನಡಕದ ಮೇಲಿಂದ ತಪ್ಪು ಹುಡುಕುವ ಹಾಗೆ ಎಲ್ಲರನ್ನೂ ನೋಡುತ್ತಾರಾದ್ದರಿಂದ ಆ ಹೆಸರು. ಜೊತೆಗೆ ಪುಟ್ಟಿ ಅಂತ ಕಿತ್ತಳೆ ಬಣ್ಣದ್ದು ಇನ್ನೊಂದಿದೆ. ನಿನ್ನೆ ನಲ್ಲಿ ನೀರು ಬದಲಾಯಿಸಿದ್ದು, ಇವತ್ತು ಇಬ್ಬರೂ ಸುಸ್ತು.

ಅವನಿಗೆ ನಗು ಉಕ್ಕಿ ಬಂತು, ಆದರೆ ತಪ್ಪು ತನ್ನದೇ ಅಂತ ಹೊಳೆದು ಅಲ್ಲೇ ನಿಂತಿತು. ಹಿಂದಿನ ದಿನ ಪೈಪು ರಿಪೇರಿಯಾದ ಮೇಲೆ ಕ್ಲೋರಿನ್ ದುಪ್ಪಟ್ಟು ಬಿಟ್ಟಿದ್ದ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ. ಮೀನಿಗೆ ಕಿವಿರು ಸುಟ್ಟುಹೋಗುತ್ತದೆ.

"ಬಕೆಟ್‌ನಲ್ಲಿ ಹಿಡಿದಿಟ್ಟ ಹಳೇ ನೀರಿದೆಯಾ?" ಅಂದ. ಇತ್ತು. "ಅರ್ಧ ತೊಟ್ಟಿ ಖಾಲಿ ಮಾಡಿ, ಅದನ್ನೇ ತುಂಬಿಸಿ. ಗಾಳಿ ಪಂಪು ಜೋರಾಗಿ ಬಿಡಿ. ಇನ್ನು ಮೇಲೆ ಹಿಂದಿನ ದಿನವೇ ನೀರು ಹಿಡಿದಿಡಿ, ಕ್ಲೋರಿನ್ ತಾನಾಗೇ ಹಾರಿಹೋಗತ್ತೆ. ನಾವು ಜಾಸ್ತಿ ಬಿಟ್ಟ ವಾರ ಮಾತ್ರ ಒಂದು ದಿನ ಸಾಲದು. ಆ ವಾರ ನಾನೇ ಫೋನ್ ಮಾಡಿ ಹೇಳ್ತೀನಿ, ನಂಬರ್ ಕೊಡಿ."

"ಜಾಸ್ತಿ ಬಿಟ್ಟಾಗ ಮಾತ್ರ ಮಾಡ್ತೀರಾ?"

"ಜಾಸ್ತಿ ಬಿಟ್ಟಾಗ ಮಾತ್ರ."

ಹೀಗೆ ಹೇಳಿ ಪುಣ್ಯಾತ್ಮ ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡ.

ಎರಡನೇ ವಾರ ನಿಜವಾಗಿಯೂ ಕ್ಲೋರಿನ್ ಜಾಸ್ತಿಯಿತ್ತು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಫೋನ್ ಮಾಡಿದ. "ಈ ವಾರ ನೀರು ಬದಲಾಯಿಸಬೇಡಿ" ಅಂತ ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡು. ಮಾತು ಇಪ್ಪತ್ತು ನಿಮಿಷ ನಡೆಯಿತು. ಅವಳು ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ, ಸೋದರತ್ತೆಯ ಜೊತೆ ಇರುವುದು ಅಂತೆಲ್ಲ ಗೊತ್ತಾಯಿತು.

"ನಿಮ್ಮ ದನಿ ಕೇಳಿದ್ರೆ ಹದಿನೈದೂವರೆ ಕಾಲರ್ ಇರಬೇಕು," ಅಂದಳು ನಡುವೆ.

"ದನಿ ಕೇಳಿ ಅಳತೆ ಹೇಳ್ತೀರಾ?"

"ಕತ್ತು ಬಿಗಿಯಾದೋರು ಹೀಗೆ ಮಾತಾಡಲ್ಲ."

ಫೋನಿಟ್ಟ ಮೇಲೆ ಅವನು ಕಾಲರ್ ತಿರುವಿ ಒಳಗಿನ ಅಳತೆ ಚೀಟಿ ನೋಡಿಕೊಂಡ. ಹದಿನೈದೂವರೆಯೇ.

ಮುಂದಿನ ಗುರುವಾರ ಕ್ಲೋರಿನ್ ಮಾಮೂಲಿಗೆ ಬಂದಿತ್ತು. ಫೋನ್ ಮಾಡಲು ಕಾರಣವೇ ಇರಲಿಲ್ಲ. ಎರಡೂವರೆಯಿಂದ ಗಡಿಯಾರ ನೋಡಿದ. ಮೂರು ಹೊಡೆಯಿತು. ಕೈ ಸುಮ್ಮನಿರಲಿಲ್ಲ.

"ಈ ವಾರವೂ ಸ್ವಲ್ಪ ಜಾಸ್ತಿ ಇದೆ," ಅಂದ. ಹೇಳುವಾಗ ಕಿವಿ ಬಿಸಿಯಾಯಿತು. ಅವಳು ಆ ಕಡೆಯಿಂದ "ನಾನು ಅಂದ್ಕೊಂಡೆ, ನೀವು ಇವತ್ತು ಮಾಡ್ತೀರಿ ಅಂತ," ಅಂದಾಗ ಕಿವಿ ಬಿಸಿಯಾದದ್ದು ಮರೆತೇಹೋಯಿತು.

ಆ ಲ್ಯಾಬಿಗೆ ಹಿರಿಯ ಕೆಮಿಸ್ಟ್ ಒಬ್ಬರಿದ್ದರು. ನಿವೃತ್ತಿಗೆ ವರ್ಷವೂ ಉಳಿದಿರದ ಆ ಮೇಡಂ ತಲೆ ಎತ್ತದೆಯೇ ಎಲ್ಲ ನೋಡುವವರು. ನಾಲ್ಕನೇ ಗುರುವಾರ ಕ್ಲೋರಿನ್ ರಿಜಿಸ್ಟರ್ ತಿರುವುತ್ತಾ ಕೇಳಿದರು.

"ರಿಜಿಸ್ಟರಲ್ಲಿ ಮಾಮೂಲಿ ಅಂತ ಬರೀತೀಯ, ಫೋನಲ್ಲಿ ಜಾಸ್ತಿ ಅಂತ ಹೇಳ್ತೀಯ. ಯಾವುದಪ್ಪಾ ನಿಜ?"

"ರಿಜಿಸ್ಟರದ್ದು ಮೇಡಂ."

"ಫೋನಿನದ್ದು?"

ಅವನು ಗಾಜಿನ ನಳಿಕೆ ತೊಳೆಯತೊಡಗಿದ. ಮೇಡಂ ಪುಟ ತಿರುವಿದರು. "ಹುಡುಗಿ ಹೇಗಿದ್ದಾಳೆ ಅಂತಾದರೂ ನೋಡಿದ್ದೀಯೋ ಇಲ್ಲವೋ? ಅವಳ ಬೀದಿಯ ನಲ್ಲಿ ನೀರಿನ ಸ್ಯಾಂಪಲ್ ಈ ತಿಂಗಳು ಇನ್ನೂ ತಂದಿಲ್ಲ."

ಸ್ಯಾಂಪಲ್ ಬಾಟಲಿಗಳ ಪೆಟ್ಟಿಗೆ ಹಿಡಿದು ಹೋದ. ಬಾಗಿಲು ತೆರೆದವಳ ಕುತ್ತಿಗೆಗೆ ಅಳತೆ ಟೇಪು ಜೋತಿತ್ತು, ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು. "ನೀರು ಸರಬರಾಜು..." ಅಂತ ಶುರುಮಾಡಿದ. ಆ ದನಿ ಕಿವಿಗೆ ಬಿದ್ದದ್ದೇ ಅವಳ ಕಣ್ಣು ಅಗಲವಾಯಿತು. ಪಿನ್ನು ಇದ್ದದ್ದರಿಂದ ನಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನಗು ಪೂರ್ತಿ ಕಣ್ಣಿಗೇ ಬಂದು ಕೂತಿತು. ಅವನು ಅದನ್ನು ನೋಡುತ್ತಾ ನಿಂತದ್ದು ಎಷ್ಟು ಹೊತ್ತೋ, ಒಳಗಿಂದ ಅತ್ತೆ ಬಂದು "ಯಾರೇ ಅದು ಬಾಗಿಲಲ್ಲಿ ಕಂಬದ ಹಾಗೆ?" ಅನ್ನುವ ತನಕ.

ಸ್ಯಾಂಪಲ್ ಹಿಡಿಯುವುದು ಐದು ನಿಮಿಷದ ಕೆಲಸ. ಉಳಿದ ಹೊತ್ತು ಮೇಷ್ಟ್ರ ದರ್ಶನ. ಎರಡಡಿಯ ಗಾಜಿನ ತೊಟ್ಟಿ ಕಿಟಕಿಯ ಬಿಸಿಲು ಬೀಳದ ಗೋಡೆಗೆ ಒರಗಿತ್ತು. ಅವಳು ಆ ಬದಿಗೆ ಬಗ್ಗಿ ಊಟ ಹಾಕಿದಳು, ಚಿಟಿಕೆಯಲ್ಲಿ ಅರ್ಧ.

"ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟು ಮಾತ್ರ," ಅಂದಳು. "ಇವರಿಗೆ ಸಾಕು ಅನ್ನೋದೇ ಗೊತ್ತಿಲ್ಲ."

ಅವನು ಈ ಬದಿಗೆ ಬಗ್ಗಿದ. ಎರಡು ಗಾಜು, ನಡುವೆ ನೀರು, ಆ ಕಡೆ ಅವಳ ಒಂದು ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದು ಮೀನನ್ನು ನೋಡುತ್ತಿರಲಿಲ್ಲ. ಸಿಕ್ಕಿಬಿದ್ದೆ ಅಂತ ಗೊತ್ತಾದ ಮೇಲೂ ಕದಲಲಿಲ್ಲ. ಕದಲಿದ್ದು ಅವನೇ, ತಲೆ ಎತ್ತಲು ಹೋಗಿ ಗಾಳಿ ಪಂಪಿಗೆ ಹಣೆ ಬಡಿದುಕೊಂಡು.

ಆ ದಿನ ನಿಜ ಹೇಳಿಬಿಡಬಹುದಿತ್ತು. ಅಷ್ಟೇ ಅಲ್ಲ, ಇನ್ನೊಂದು ವಿಷಯವನ್ನೂ ಅವನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ. ಕ್ಲೋರಿನ್ ತೆಗೆಯುವ ಹರಳು ಅವನ ಲ್ಯಾಬಿನ ಕಪಾಟಿನಲ್ಲೇ ಇತ್ತು. ಬಕೆಟ್ ನೀರಿಗೆ ಒಂದು ಚಿಟಿಕೆ ಹಾಕಿ ಕಲಕಿದರೆ ಐದು ನಿಮಿಷದಲ್ಲಿ ಕ್ಲೋರಿನ್ ಮಂಗಮಾಯ. ಆಮೇಲೆ ಯಾವ ವಾರ ಎಷ್ಟು ಬಿಟ್ಟರೇನು? ಗುರುವಾರದ ಫೋನಿಗೆ ಕೆಲಸವೇ ಇರುವುದಿಲ್ಲ. ಅದಕ್ಕೇ ಹೇಳಲಿಲ್ಲ. ಐದನೇ ವಾರ "ಬದಲಾಯಿಸಬೇಡಿ" ಅಂದ. ಆರನೇ ವಾರವೂ ಅಂದ. ಮಾತು ಮುಕ್ಕಾಲು ಗಂಟೆಗೆ ಬೆಳೆದಿತ್ತು, ಮಧ್ಯೆ ಅತ್ತೆಯೂ ಫೋನ್ ಕಸಿದುಕೊಂಡು ಎರಡು ಮಾತಾಡುತ್ತಿದ್ದರು. ಆ ಖುಷಿಯಲ್ಲಿ ಕೆಮಿಸ್ಟ್ ಮಹಾಶಯನಿಗೆ ತನ್ನ ಕೆಮಿಸ್ಟ್ರಿಯೇ ಮರೆತುಹೋಗಿತ್ತು.

ಏಳನೇ ವಾರ ಮಂಗಳವಾರವೇ ಫೋನ್ ಬಂತು. ಅವಳಾಗಿ ಮಾಡಿದ್ದು.

"ಮೇಷ್ಟ್ರು ತಳದಲ್ಲಿ ಮಲಗಿಬಿಟ್ಟಿದ್ದಾರೆ," ಅಂದಳು. ದನಿ ತೀರಾ ಸಣ್ಣಗಿತ್ತು. "ರೆಕ್ಕೆಯಲ್ಲಿ ಕೆಂಪು ಗೆರೆ ಕಾಣ್ತಿದೆ. ಪುಟ್ಟಿ ಮೇಲೆ ಬಂದು ಗಾಳಿ ಕುಡೀತಿದೆ. ನೀವು ಹೇಳಿದ ಹಾಗೇ ಮಾಡಿದೀನಿ. ಐದು ವಾರದಿಂದ ಒಂದು ಚೊಂಬು ನೀರೂ ಬದಲಾಯಿಸಿಲ್ಲ."

ಈಗ ಅವನಿಗೆ ಕೆಮಿಸ್ಟ್ರಿ ನೆನಪಾಯಿತು. ಗೋಲ್ಡ್ ಫಿಶ್ ಅಂದರೆ ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡುವ ಪ್ರಾಣಿ. ವಾರ ವಾರ ಮೂರನೇ ಒಂದು ಭಾಗ ನೀರು ಬದಲಾಗದಿದ್ದರೆ ಅವುಗಳ ಹೊಲಸೇ ಅಮೋನಿಯಾ ಆಗಿ ಅವುಗಳನ್ನೇ ಸುಡುತ್ತದೆ. ಶಾಲೆ ಹುಡುಗರಿಗೂ ಗೊತ್ತಿರುವ ಮಾತು. ಇಲ್ಲಿ ಐದು ವಾರ.

"ಇವತ್ತು ಕ್ಲೋರಿನ್ ಕಡಿಮೆ ಇದೆ, ಈಗಲೇ ಬದಲಾಯಿಸಿ," ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಮೀನೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವಳು ಅಂದಳು, "ತಪ್ಪು ನನ್ನದೇ ಇರಬೇಕು. ನನ್ನ ಕೈಗುಣವೇ ಒಳ್ಳೇದಲ್ಲ. ಉಳಿದ್ರೆ ಅಂಗಡಿಗೆ ವಾಪಸ್ ಕೊಟ್ಟುಬಿಡ್ತೀನಿ. ಇನ್ನು ಸಾಕಲ್ಲ."

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಅವನಿಂದ ಆಗಲಿಲ್ಲ.

"ನಿಮ್ಮ ಕೈಗುಣಕ್ಕೇನೂ ಆಗಿಲ್ಲ. ತಪ್ಪು ನನ್ನದು," ಅಂದ. "ನಾಲ್ಕು ವಾರದಿಂದ ಕ್ಲೋರಿನ್ ಮಾಮೂಲಿಯೇ ಇದೆ. ನಾನು ಸುಳ್ಳು ಹೇಳ್ತಿದ್ದೆ. ಬೇರೆ ನೆಪ ಇರಲಿಲ್ಲ ನಿಮ್ಮ ಜೊತೆ ಮಾತಾಡೋಕೆ."

ಆ ಕಡೆ ಫೋನು ಕಟ್ಟಾಯಿತು.

ಮೇಡಂ ರಿಜಿಸ್ಟರ್ ಮುಚ್ಚಿದರು. "ಇನ್ನೂ ಇಲ್ಲೇ ಕೂತಿದ್ದೀಯಲ್ಲ," ಅಂದರು, ಅಷ್ಟೇ.

ಬಾಗಿಲು ತೆರೆದದ್ದು ಅತ್ತೆ. ಮೇಲಿಂದ ಕೆಳಗೆ ನೋಡಿದರು. "ಸುಳ್ಳು ಹೇಳಿದವರು ನೀವೇನಾ? ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬನ್ನಿ."

ಅವಳು ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಅವನ ಕಡೆ ತಿರುಗಲಿಲ್ಲ. ಅವನು ನಳಿಕೆಯಲ್ಲಿ ತೊಟ್ಟಿಯ ನೀರು ತೆಗೆದು, ಲ್ಯಾಬಿನಿಂದ ತಂದಿದ್ದ ಅಮೋನಿಯಾ ಪರೀಕ್ಷೆಯ ದ್ರಾವಣ ಎರಡು ಹನಿ ಬಿಟ್ಟ. ಒಳ್ಳೆ ನೀರಾದರೆ ಬಣ್ಣ ತಿರುಗಬಾರದು. ಕಡು ಟೀ ಬಣ್ಣಕ್ಕೆ ತಿರುಗಿತು. ತಾನು ಮಾಡಿದ್ದನ್ನು ಹಾಗೆ ಕಣ್ಣಾರೆ ಕಂಡಾಗ ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ರಬ್ಬರ್ ಪೈಪು ತೊಟ್ಟಿಯೊಳಗೆ ಇಳಿಬಿಟ್ಟು ಈ ತುದಿಯನ್ನು ಬಾಯಲ್ಲಿ ಎಳೆದ. ಜೋರಾಗೇ ಎಳೆದಿರಬೇಕು. ಮೇಷ್ಟ್ರು ಐದು ವಾರ ಕೂಡಿಟ್ಟ ನೀರು ಬಾಯಿ ತುಂಬ ಬಂತು. ಅವನ ಮುಖ ಕಿವುಚಿದ್ದು ನೋಡಿ ಅವಳು ಫಕ್ಕನೆ ಆ ಕಡೆ ತಿರುಗಿಕೊಂಡಳು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ.

"ಉಗಿದು ಬನ್ನಿ," ಅಂದಳು ಕೊನೆಗೆ. "ಸುಳ್ಳು ಹೇಳಿದ್ದಕ್ಕೆ ಅಷ್ಟು ಸಾಕು."

ಅರ್ಧ ನೀರು ತೆಗೆದರು. ಅವಳು ಫಿಲ್ಟರಿನ ಸ್ಪಂಜು ಹಿಡಿದು ನಲ್ಲಿಯ ಕಡೆ ಹೊರಟಳು. "ನಲ್ಲಿ ಕೆಳಗೆ ಬೇಡ, ತೆಗೆದ ಹಳೇ ನೀರಲ್ಲೇ ಹಿಂಡಿ, ಹೊಲಸು ತಿನ್ನೋ ಒಳ್ಳೆ ಜೀವಾಣು ಅದರಲ್ಲೇ ಇರೋದು," ಅಂದ. ಅವಳು ಹಾಗೇ ಮಾಡಿದಳು. ಅವನು ಎರಡು ಬಕೆಟ್ ಹೊಸ ನೀರು ತಂದು ಜೇಬಿನಿಂದ ಪೊಟ್ಟಣ ತೆಗೆದು ಒಂದೊಂದು ಚಿಟಿಕೆ ಹಾಕಿ ಕಲಕಿದ.

"ಅದೇನು?"

"ಕ್ಲೋರಿನ್ ತೆಗೆಯೋದು. ಐದು ನಿಮಿಷ ಸಾಕು."

"ಇಂಥದ್ದು ಇದೆ ಅಂತ ನಿಮಗೆ ಯಾವಾಗಿಂದ ಗೊತ್ತು?"

"ಕಾಲೇಜಲ್ಲಿ ಓದುವಾಗಿಂದ."

ಅವಳು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮಗೆ ನಾನು ಬೇಕಾಗ್ತಿರಲಿಲ್ಲ," ಅಂದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ನನಗೆ ನೀವು ಬೇಕಾಗಿತ್ತು. ಗುರುವಾರ ಮಾತ್ರ ಅಲ್ಲ, ವಾರವೆಲ್ಲ. ಅದನ್ನ ನೆಟ್ಟಗೆ ಹೇಳೋ ಧೈರ್ಯ ಇಲ್ಲದೆ ನೀರಿನ ಮೇಲೆ ಹಾಕಿದೆ. ಮೇಷ್ಟ್ರು ಉಳೀಲಿ, ಆಮೇಲೆ ನೀವು ಬೇಡ ಅಂದ್ರೆ ಈ ಕಡೆ ತಲೆ ಹಾಕಲ್ಲ."

ಅವಳು ಎದ್ದಳು. ಹೊಲಿಗೆ ಮಷಿನ್ನಿನ ಡ್ರಾಯರ್ ಎಳೆದು, ದಾರದ ಉಂಡೆಗಳ ಕೆಳಗೆ ಕೈ ಹಾಕಿ ಏನೋ ತೆಗೆದಳು. ಬಂದು ಅವನ ಮುಂದೆ ನೆಲದ ಮೇಲಿಟ್ಟಳು. ಪುಟ್ಟ ಬಾಟಲಿ. ಮೇಲೆ ಮೀನಿನ ಚಿತ್ರ, ಕೆಳಗೆ ಕ್ಲೋರಿನ್ ತೆಗೆಯುವ ಹನಿ ಅಂತ ಬರೆದಿತ್ತು.

"ಮೀನಿನ ಅಂಗಡಿಯವರು ಕೊಟ್ಟು ಒಂದು ತಿಂಗಳಾಯ್ತು," ಅಂದಳು. "ಮುಚ್ಚಳ ನೋಡಿ."

ನೋಡಿದ. ಸೀಲು ಹಾಗೇ ಇತ್ತು.

"ಯಾಕೆ ತೆಗೀಲಿಲ್ಲ?"

ಅವಳ ಮುಖ ಪುಟ್ಟಿಯ ಬಣ್ಣಕ್ಕೆ ಬಂದಿತ್ತು. "ಇದನ್ನ ತೆಗೆದ್ರೆ ನೀವು ಗುರುವಾರ ಏನಂತ ಫೋನ್ ಮಾಡ್ತಿದ್ರಿ?"

ಇಬ್ಬರೂ ಬಾಟಲಿಯನ್ನು ನೋಡಿದರು. ಆಮೇಲೆ ತೊಟ್ಟಿಯ ತಳದಲ್ಲಿದ್ದ ಬಡಪಾಯಿಯನ್ನು ನೋಡಿದರು.

"ಇಬ್ಬರೂ ಸೇರಿ ಮಾಡಿದ್ದು," ಅಂದಳು ಅವಳು ಮೆಲ್ಲಗೆ. "ನೀವು ಸುಳ್ಳು ಹೇಳಿದ್ರಿ, ನನಗೆ ಅದು ನಿಜ ಆಗಿರಲಿ ಅಂತಿತ್ತು."

ಹೊಸ ನೀರನ್ನು ಒಬ್ಬರು ಹಿಡಿದು ಒಬ್ಬರು ನಿಧಾನವಾಗಿ ಸುರಿದರು. ಒಮ್ಮೆಗೇ ಸುರಿದರೆ ಮೀನು ಬೆಚ್ಚುತ್ತದೆ ಅಂತ ಅವಳು ಅವನ ಮಣಿಕಟ್ಟು ಹಿಡಿದು ತಡೆದಳು. ಬಕೆಟ್ ಖಾಲಿಯಾದ ಮೇಲೂ ಕೈ ಅಲ್ಲೇ ಇತ್ತು. ಎರಡು ದಿನ ಊಟ ಹಾಕಬಾರದು, ನಾಳೆ ಮತ್ತೆ ಸ್ವಲ್ಪ ನೀರು ಬದಲಾಯಿಸಬೇಕು ಅಂತ ಅವನು ಹೇಳುತ್ತಿದ್ದ. ಅವಳು ಹೂಂ ಹೂಂ ಅನ್ನುತ್ತಿದ್ದಳು. ಯಾರ ತಲೆಗೆ ಎಷ್ಟು ಹೋಗುತ್ತಿತ್ತೋ ದೇವರಿಗೇ ಗೊತ್ತು.

ಸಂಜೆ ಐದರ ಹೊತ್ತಿಗೆ ಮೇಷ್ಟ್ರು ಬಾಲ ಅಲ್ಲಾಡಿಸಿದರು. ಆರಕ್ಕೆ ತಳ ಬಿಟ್ಟು ಮೇಲೆದ್ದು, ಓರೆಯಾಗಿ ಒಂದು ಸುತ್ತು ಹಾಕಿ, ಗಾಜಿನ ಹತ್ತಿರ ಬಂದು ಇಬ್ಬರನ್ನೂ ದುರುಗುಟ್ಟಿ ನೋಡಿದರು. ಅವಳು ನಗುತ್ತಾ ಕಣ್ಣೊರೆಸಿಕೊಂಡಳು.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಆ ನೀರಿನವರು ಹೋದ್ರೇನೇ?"

"ಇಲ್ಲ ಅತ್ತೆ."

"ಹೋಗ್ತಾರೇನೇ?"

ಅವಳು ಉತ್ತರ ಕೊಡುವ ಮೊದಲು ಅವನನ್ನು ನೋಡಿದಳು. ನಡುವೆ ಗಾಜೂ ಇರಲಿಲ್ಲ, ನೀರೂ ಇರಲಿಲ್ಲ. ಅವನು ತಲೆ ಅಡ್ಡ ಆಡಿಸಿದ.

"ಇಲ್ಲವಂತೆ ಅತ್ತೆ," ಅಂದಳು.