ಹಳದಿ ಬಿದ್ದ ನಂಬರು

"ರೀ ಪೊಲೀಸು! ನನ್ನ ಲಾರಿ ಮೇಲೆ ಕಣ್ಣು ಹಾಕಿದ್ದು ನೀವೇನಾ?"

ಅವಳು ತಲೆ ಎತ್ತಿದಳು. ಎದುರಿಗೆ ನಿಂತಿದ್ದವನ ಕೊರಳಲ್ಲಿ ಸುಂಕ ಇಲಾಖೆಯ ಗುರುತಿನ ಚೀಟಿ, ಕಣ್ಣಲ್ಲಿ ಕೆಂಡ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು!

"ನಿಮ್ಮ ಲಾರಿನಾ? ನಿಮ್ಮಪ್ಪ ಕೊಡಿಸಿದ್ರಾ?"

"ನಾವು ಅದರ ಬೆನ್ನು ಬಿದ್ದು ಎಷ್ಟು ದಿನ ಆಯ್ತು ಗೊತ್ತಾ?"

"ನಾವು ಅದಕ್ಕಿಂತ ಮೊದಲೇ ಬಿದ್ದಿದೀವಿ. ಕೂತ್ಕೊಳ್ಳಿ. ಮೊದಲು ಆ ಬಿಸ್ಕತ್ತು ಮುಗಿಸಿ, ನನ್ನ ಕೀಬೋರ್ಡ್ ತುಂಬಾ ಪುಡಿ!"

ಅವನು ಕೂತ. ಕೂರಲೇಬೇಕಿತ್ತು. ಆ ಜಂಟಿ ಮಾಹಿತಿ ಕೊಠಡಿಯ ನಿಯಮವೇ ಹಾಗಿತ್ತು.

ಮೊದಲೆಲ್ಲ ಪೊಲೀಸರ ಗುಟ್ಟು ಸುಂಕದವರಿಗೆ ತಿಳಿಯುತ್ತಿರಲಿಲ್ಲ, ಸುಂಕದವರದು ಗಡಿ ಕಾವಲಿನವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಮಫ್ತಿಯಲ್ಲಿದ್ದ ಎರಡು ಇಲಾಖೆಯವರು ಒಬ್ಬರನ್ನೊಬ್ಬರು ಕಳ್ಳರೆಂದುಕೊಂಡು ಬಂದೂಕು ಎತ್ತಿದ್ದರು. ಆಮೇಲೆಯೇ ಎಲ್ಲರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ, ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್ ವ್ಯವಸ್ಥೆ ಕೊಟ್ಟದ್ದು. ಒಂದು ಇಲಾಖೆ ಕಣ್ಣಿಟ್ಟಿರುವ ನಂಬರನ್ನು ಇನ್ನೊಂದು ಇಲಾಖೆ ಹುಡುಕಿದರೆ ಇಬ್ಬರ ತೆರೆಯ ಮೇಲೂ ಹಳದಿ ಪಟ್ಟಿ ಮೂಡುತ್ತದೆ. ಇಬ್ಬರೂ ಎದುರುಬದುರು ಮಾತಾಡಿ ಮುಗಿಸುವವರೆಗೆ ಯಾರೂ ಒಂದು ಹೆಜ್ಜೆ ಮುಂದಿಡುವಂತಿಲ್ಲ.

ಲಾರಿಯ ಕೇಸು ಮುಗಿಯಿತು. ಆದರೆ ಅವನ ಕುರ್ಚಿ ಮಾತ್ರ ಅವಳ ಮೇಜಿನ ಪಕ್ಕದಿಂದ ಕದಲಲಿಲ್ಲ!

ಕೊಠಡಿಯವರು ಅವಳಿಗೆ ಇಟ್ಟ ಹೆಸರು ಮೆಣಸಿನಕಾಯಿ. ಅವನನ್ನು ಎಲ್ಲರೂ ಸುಂಕದವನು ಅನ್ನುತ್ತಿದ್ದರು. ಅವಳ ಡ್ರಾಯರಿನಲ್ಲಿ ದಿನಾ ಒಂದು ಬಿಸ್ಕತ್ತು ಪೊಟ್ಟಣ ಇರುತ್ತಿತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಊರಿನ ಗುಟ್ಟನ್ನೆಲ್ಲ ಬಗೆದು ತೆಗೆಯುವ ಈ ಇಬ್ಬರಿಗೆ ತಮ್ಮ ಮನಸ್ಸಿನ ಗುಟ್ಟು ಹೇಳಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ, ನೋಡಿ.

ಅಷ್ಟರಲ್ಲಿ ಅವನ ಫೋನು ಪದೇಪದೇ ಬಡಿದುಕೊಳ್ಳತೊಡಗಿತು.

ಫೋನು ಬಂದ ಕೂಡಲೇ ಅವನು ಎದ್ದು ಹೊರಗೆ ಹೋಗುತ್ತಿದ್ದ. ಗಾಜಿನ ಬಾಗಿಲಾಚೆ ಅವನ ಮುಖ ಮೆತ್ತಗಾಗುವುದು ಅವಳಿಗೆ ಕಾಣುತ್ತಿತ್ತು. ಒಮ್ಮೆ ಬಾಗಿಲು ಮುಚ್ಚುವ ಮೊದಲು ಅವನ ಮಾತು ಕಿವಿಗೆ ಬಿತ್ತು.

"ಹೆದರ್ಬೇಡ... ನಾನಿದೀನಲ್ಲ."

ನಾನಿದೀನಲ್ಲ! ನನಗೆ ಯಾವತ್ತಾದರೂ ಹಾಗೆ ಹೇಳಿದ್ದಾನಾ? ನನಗೆ ಹೇಳುವುದೆಲ್ಲ 'ಆ ಫೈಲು ಕಳಿಸಿ', 'ಈ ಕ್ಯಾಮೆರಾ ನೋಡಿ'!

ಮರುದಿನ ಸಂಜೆ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಅವನು ಕಂಡ. ಎದುರಿಗೆ ಒಬ್ಬ ಹುಡುಗಿ. ತೆಳ್ಳಗೆ, ಬೆಳ್ಳಗೆ, ಅಳುತ್ತಿದ್ದರೂ ಚೆಂದ! ಆ ಹುಡುಗಿ ಅವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನು ಬಿಡಿಸಿಕೊಳ್ಳಲಿಲ್ಲ.

ಮೆಣಸಿನಕಾಯಿಗೆ ಬಸ್ಸು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಆ ಹುಡುಗಿ ಕಣ್ಣೊರೆಸಿಕೊಂಡು ನೀಲಿ ಕಾರು ಹತ್ತಿದಳು. ನಂಬರು ಒಮ್ಮೆ ಕಂಡರೆ ಮರೆಯದ ಕಣ್ಣು ಇವಳದು. ಆ ನಂಬರು ಮನಸ್ಸಿನಲ್ಲಿ ಮುಳ್ಳಾಗಿ ಕೂತುಬಿಟ್ಟಿತು.

ಮನೆಗೆ ಬಂದರೆ ಅತ್ತಿಗೆಯ ಕಣ್ಣು ತಪ್ಪಿಸಲಾದೀತೇ?

"ಏನೇ, ಯಾಕೆ ಮುಖ ಊದಿಸ್ಕೊಂಡಿದೀಯಾ?"

"ಏನಿಲ್ಲ ಅತ್ತಿಗೆ. ಅವನು ಯಾರ ಜೊತೆ ಕೂತ್ರೆ ನನಗೇನು?"

"ಓಹೋ, ಅವನು ಅಂತ ಬೇರೆ ಒಬ್ಬ ಇದಾನಾ? ಹೋಗಿ ಅವನನ್ನೇ ಕೇಳಿಬಿಡು."

"ನಾನ್ಯಾಕೆ ಕೇಳ್ಲಿ? ಅವನು ನನಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಬಿಡು. ಅದಕ್ಕೇ ಆಗ್ಲಿಂದ ಒಂದೇ ತಟ್ಟೆ ಉಜ್ಜುತಿದೀಯಾ!"

ಬೆಳಿಗ್ಗೆ ಅವನ ಕುರ್ಚಿ ಖಾಲಿಯಿತ್ತು. ಅವನು ಗಾಜಿನ ಕೋಣೆಯಲ್ಲಿ, ಕೊಠಡಿಯ ಮುಖ್ಯಸ್ಥೆ ಮೇಡಂ ಜೊತೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ. ಏನೋ ದೊಡ್ಡ ಕೆಲಸ ನಡೆಯುತ್ತಿತ್ತು. ಅದೇನೆಂದು ನೋಡುವ ವ್ಯವಧಾನ ಅವಳಿಗೆ ಇರಲಿಲ್ಲ.

ಒಂದೇ ಸಲ... ಹೆಸರು ಮಾತ್ರ ನೋಡುತ್ತೇನೆ. ಮದುವೆಯಾಗಿದೆಯೋ ಇಲ್ಲವೋ ಅಷ್ಟೇ!

ಸ್ವಂತಕ್ಕೆ ಒಂದು ನಂಬರು ಹುಡುಕುವುದೂ ಅಲ್ಲಿ ಅಪರಾಧ. ಹೊಸದಾಗಿ ಬಂದವರಿಗೆಲ್ಲ ಅದನ್ನು ಬಾಯಿಪಾಠ ಮಾಡಿಸುತ್ತಿದ್ದವಳೇ ಇವಳು. ಆದರೂ ಬೆರಳು ನಿಲ್ಲಲಿಲ್ಲ. ನೀಲಿ ಕಾರಿನ ನಂಬರು ಒತ್ತಿದಳು. ಯಾವ ಕೇಸಿಗೆ ಎಂದು ಯಂತ್ರ ಕೇಳಿತು. ಯಾವುದೋ ಹಳೆಯ ಕಳವಿನ ಕೇಸು ತೋರಿಸಿದಳು.

ತೆರೆಯ ಮೇಲೆ ಹಳದಿ ಪಟ್ಟಿ ಮೂಡಿತು!

ಗಾಜಿನ ಕೋಣೆಯಲ್ಲಿ ಅವನು ಥಟ್ಟನೆ ತಿರುಗಿದ. ಮೇಡಂ ಧ್ವನಿ ಎಲ್ಲರಿಗೂ ಕೇಳಿಸಿತು.

"ಹಳದಿ ಬಿದ್ದಿದೆ! ತಂಡದವರು ಇದ್ದಲ್ಲೇ ನಿಲ್ಲಿ. ಯಾರೂ ಒಳಗೆ ಹೋಗ್ಬೇಡಿ!"

ಅವನು ಬಾಗಿಲು ನೂಕಿಕೊಂಡು ಅವಳ ಮೇಜಿಗೆ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಆ ಕಾರಿನ ಮೇಲೆ ಪೊಲೀಸರಿಗೇನು ಕೆಲಸ? ನಿಮ್ಮೋರು ಯಾರಾದ್ರೂ ಮಫ್ತಿಯಲ್ಲಿ ಅಲ್ಲಿದಾರಾ? ಬೇಗ ಹೇಳಿ!"

"ಅಲ್ಲಿ ಅಂದ್ರೆ... ಎಲ್ಲಿ?"

"ಗೋದಾಮಲ್ಲಿ! ಆ ಕಾರಿನ ಹುಡುಗಿ ಅಲ್ಲೇ ಕೆಲಸ ಮಾಡೋದು, ಅವಳ ಕಾವಲಿಗೇ ನಾವು ಆ ನಂಬರ್ ಮೇಲೆ ಕಣ್ಣಿಟ್ಟಿದ್ದು. ಯಂತ್ರದ ಬಿಡಿಭಾಗ ಅಂತ ಪಿಸ್ತೂಲು ಬರ್ತಿದೆ ಅಂತ ನಮಗೆ ಹೇಳಿದ್ದೇ ಅವಳು. ಈಗ ಒಳಗಿದಾಳೆ. ನಮ್ಮ ತಂಡ ಗೇಟಿನ ಹತ್ತಿರ ನಿಂತಿದೆ, ನಿಮ್ಮ ಹಳದಿಯಿಂದ!"

ಆ ಬೇಕರಿಯ ಕಣ್ಣೀರು ಪ್ರೀತಿಯದಲ್ಲ, ಹೆದರಿಕೆಯದು. ಹೆದರಿದವಳ ಕೈ ನೋಡಿ ನಾನು ಉರಿದುಕೊಂಡೆನಲ್ಲ!

ಸ್ಪೀಕರಿನಲ್ಲಿ ತಂಡದ ನಾಯಕನ ಒರಟು ದನಿ ಕೇಳಿಸಿತು. "ಮೇಡಂ, ಮಾಲೀಕ ಬಾಗಿಲು ಹಾಕಿಸ್ತಿದಾನೆ. ಅವನಿಗೆ ಅನುಮಾನ ಬಂದಂಗಿದೆ. ಏನ್ಮಾಡೋಣ?"

"ಹೇಳಿ ತಾಯಿ," ಮೇಡಂ ಮೈಕು ಹಿಡಿದೇ ಅವಳತ್ತ ಬಂದರು. "ಕಳವಿನ ಕೇಸು ಅಂತ ತೋರಿಸ್ತಿದೆ. ಠಾಣೆಗೆ ಫೋನ್ ಮಾಡಿ ಕೇಳ್ಲಾ?"

ಹೌದು ಅಂದರೆ ಸಾಕು, ಸದ್ಯಕ್ಕೆ ಮಾನ ಉಳಿಯುತ್ತದೆ. ಆದರೆ ಠಾಣೆಯವರು ಉತ್ತರ ಕೊಡುವಷ್ಟರಲ್ಲಿ ಆ ಹುಡುಗಿಯ ಗತಿ? ನಿಜ ಹೇಳಿದರೆ ಕೆಲಸ ಹೋಗುತ್ತದೆ, ಮುಖ ಎತ್ತಿ ತಿರುಗುವ ಹಾಗಿರುವುದಿಲ್ಲ... ಇವನೂ ನನ್ನ ಮುಖ ನೋಡುವುದಿಲ್ಲ.

ಅವಳು ಎದ್ದು ನಿಂತಳು.

"ಬೇಡ ಮೇಡಂ. ಪೊಲೀಸರು ಯಾರೂ ಅಲ್ಲಿಲ್ಲ. ಕೇಸೂ ಇಲ್ಲ, ಅದು ಸುಳ್ಳು. ಹುಡುಕಿದ್ದು ನಾನು, ನನ್ನ ಸ್ವಂತಕ್ಕೆ."

"ಸ್ವಂತಕ್ಕಾ? ಯಾಕೆ?"

"ಹೊಟ್ಟೆಕಿಚ್ಚಿಗೆ!" ಅವಳ ದನಿ ಒಡೆಯಿತು. "ಆ ಹುಡುಗಿ ಇವರ ಕೈ ಹಿಡ್ಕೊಂಡಿದ್ದು ನೋಡ್ದೆ. ತಡ್ಕೊಳ್ಳೋಕಾಗ್ಲಿಲ್ಲ. ಇವರು... ಇವರಂದ್ರೆ ನನಗಿಷ್ಟ ಮೇಡಂ. ದಯವಿಟ್ಟು ತಂಡದವರನ್ನ ಒಳಗೆ ಕಳಿಸಿ!"

ಸ್ಪೀಕರು ಗೊರಗೊರ ಅಂದಿತು.

"ಕೇಳಿಸ್ತು ಮೇಡಂ," ಅಂದಿತು ಒರಟು ದನಿ. "ಇಡೀ ತಂಡಕ್ಕೆ ಕೇಳಿಸ್ತು. ಹೋಗ್ಲಾ?"

"ಹೋಗಿ!" ಅಂದರು ಮೇಡಂ.

ಅವಳು ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಮೇಡಂ ಅದನ್ನು ಎತ್ತಿಕೊಂಡರು. "ಇವತ್ತಿಂದ ನೀವು ಯಾವ ನಂಬರನ್ನೂ ಹುಡುಕೋ ಹಾಗಿಲ್ಲ. ವಿಚಾರಣೆ ಆಗುತ್ತೆ. ಹೊತ್ತಿಗೆ ಸರಿಯಾಗಿ ನಿಜ ಹೇಳಿದ್ರಿ ಅನ್ನೋದನ್ನೂ ನಾನು ಅಲ್ಲಿ ಹೇಳ್ತೀನಿ."

ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಅವನು ಬಂದ. ಒಂದು ಮೆಟ್ಟಿಲು ಬಿಟ್ಟು ಕೂತ.

"ಅವಳು ಹುಷಾರಾಗಿದಾಳೆ. ಪಿಸ್ತೂಲಿನ ಪೆಟ್ಟಿಗೆಗಳೂ ಸಿಕ್ಕವು."

ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅವನು ಅವಳನ್ನು ಅಳಲು ಬಿಟ್ಟ.

"ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ," ಅಂದ ಕೊನೆಗೆ. "ಅವಳಿಗೇನಾದ್ರೂ ಆಗಿದ್ರೆ ನಾನು ಈ ಮೆಟ್ಟಿಲ ಹತ್ತಿರ ಬರ್ತಾನೇ ಇರ್ಲಿಲ್ಲ."

"ಗೊತ್ತು. ತಪ್ಪಾಯ್ತು... ದೊಡ್ಡ ತಪ್ಪು." ಮೂಗೊರೆಸಿಕೊಂಡಳು. ಆಮೇಲೆ ತಡೆಯಲಾಗಲಿಲ್ಲ. "ಆದ್ರೂ... ಹೆದರಿಕೆ ಆದ್ರೆ ಎರಡೂ ಕೈ ಹಿಡ್ಕೋಬೇಕಾ? ಒಂದು ಸಾಲ್ತಿರ್ಲಿಲ್ವಾ?"

ಅವನು ಅವಳನ್ನೇ ನೋಡಿದ. ಸಿಟ್ಟು ಉಳಿಸಿಕೊಳ್ಳಲು ಬಹಳ ಪ್ರಯತ್ನಪಟ್ಟ, ಪಾಪ. ಆಗಲಿಲ್ಲ. ನಕ್ಕುಬಿಟ್ಟ.

"ನನ್ನ ಮನಸ್ಸಿನ ಮಾತು ಇಡೀ ತಂಡಕ್ಕೆ ಗೊತ್ತು ರೀ. ಡ್ರಾಯರಿಗೆ ಬರೀ ಬಿಸ್ಕತ್ತೇ ಇಡ್ತೀಯೋ, ಬಾಯಿಬಿಟ್ಟು ಹೇಳ್ತೀಯೋ ಅಂತ ಕೇಳಿ ಕೇಳಿ ಪ್ರಾಣ ತಿಂತಿದ್ರು. ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ."

ಅವನು ಮಧ್ಯದ ಮೆಟ್ಟಿಲಿಗೆ ಇಳಿದು ಕೂತ.

"ನೀವು ದಿನಾ ಹೇಳ್ತಿರ್ತೀರಲ್ಲ, ಆ ಅತ್ತಿಗೆ ನಂಬರ್ ಕೊಡಿ."

"ಅತ್ತಿಗೆದಾ? ಯಾಕೆ?"

"ಮನೆಗೆ ಬಂದು ಮಾತಾಡ್ಬೇಕು."

"ನಿಮ್ಮ ಹತ್ರ ಕಂಪ್ಯೂಟರ್ ಇದೆಯಲ್ಲ, ಹುಡುಕ್ಕೊಳ್ಳಿ. ನನ್ನದಂತೂ ಕಿತ್ಕೊಂಡ್ರು."

"ಹುಡುಕಲ್ಲ, ಕೇಳ್ತೀನಿ." ಅವನು ಕೈ ಚಾಚಿದ. "ನೀನೂ ಇನ್ಮೇಲೆ ಕೇಳು. ಏನೇ ಅನುಮಾನ ಬಂದ್ರೂ ನನ್ನನ್ನೇ ಕೇಳು."

ಅವಳು ಆ ಕೈಯನ್ನು ಹಿಡಿದಳು. ಒಂದು ಕೈಯಲ್ಲಲ್ಲ, ಎರಡೂ ಕೈಯಲ್ಲಿ.

"ಹಾಗಾದ್ರೆ ಹೇಳು... ಅವಳಿಗೆ ಮದುವೆ ಆಗಿದೆಯಾ?"